ದಾರಿಯಲ್ಲಿ ಹರಿದ ಪಟ್ಟಿ

ದಾರಿಯ ನಡುವೆ ವಾಹನ ಕೆಟ್ಟು ನಿಲ್ಲುವುದು ಮೋಟಾರಿನೊಡನೆ ಹುಟ್ಟಿದ ಕಷ್ಟವೇನೂ ಅಲ್ಲ. ದೇವಾಸುರರ ಯುದ್ಧದಲ್ಲಿ ದಶರಥನ ರಥದ ಕಡಾಣಿ ಕಳಚಿ ಬಿದ್ದಾಗ, ಪಕ್ಕದಲ್ಲಿದ್ದ ಕೈಕೇಯಿ ತನ್ನ ಬೆರಳನ್ನೇ ಅಚ್ಚಿನ ತೂತಿಗೆ ಕೊಟ್ಟು ಗಾಲಿಯನ್ನು ಹಿಡಿದು ನಿಲ್ಲಿಸಿದಳೆಂದು ನಮ್ಮ ಹರಿಕಥೆಯ ದಾಸರು ಹೇಳುತ್ತ ಬಂದಿದ್ದಾರೆ. ವಾಲ್ಮೀಕಿಯಲ್ಲಿ ಈ ಬೆರಳಿನ ಪ್ರಸ್ತಾಪವಿಲ್ಲ. ಅಲ್ಲಿ ಆಕೆ ಮೂರ್ಛೆಹೋದ ರಾಜನನ್ನು ರಣರಂಗದಿಂದ ಆಚೆಗೆ ಸಾಗಿಸುತ್ತಾಳೆ, ಅಷ್ಟೆ. ಬೆರಳಿನ ಕಥೆಯನ್ನು ಕಟ್ಟಿದವರು ಗಾಡಿ ಹೊಡೆದು ಬಲ್ಲ ಜನರೇ ಇರಬೇಕು. ಬೆರಳುದ್ದದ ಒಂದು ಕೀಲು ಬಿದ್ದುಹೋದರೆ ಎಂಥ ರಥವೂ ಮಣ್ಣು ಮುಕ್ಕುತ್ತದೆಂಬ ಅನುಭವ ಅವರಿಗಿತ್ತು. ಆ ಕೀಲಿನ ಸ್ಥಾನದಲ್ಲಿ ನಿಂತು ಸಹಾಯ ಮಾಡಿದವರಿಗೆ ಎರಡು ವರಗಳನ್ನು ಕೊಟ್ಟರೂ ಹೆಚ್ಚಲ್ಲವೆಂಬ ನ್ಯಾಯವೂ ಅವರಿಗೆ ಸಮ್ಮತವಾಗಿದ್ದಿರಬೇಕು. ಆ ವರಗಳಿಂದ ಅಯೋಧ್ಯೆಗೆ ಏನಾಯಿತೆಂಬುದು ಬೇರೆ ಮಾತು.

ಇಂದಿನ ರಥಗಳಲ್ಲಿ ಕಡಾಣಿಯ ಪದವಿಗೆ ಏರಿದ ವಸ್ತುಗಳು ಹಲವಾರಿವೆ. ಅವುಗಳಲ್ಲಿ ಅತ್ಯಂತ ಅಗ್ಗದ್ದೂ, ಅತ್ಯಂತ ಅಲಕ್ಷ್ಯಕ್ಕೆ ಒಳಗಾದದ್ದೂ ಒಂದು ರಬ್ಬರಿನ ಪಟ್ಟಿ. ಕಾರ್ಖಾನೆಯ ಪುಸ್ತಕಗಳು ಅದನ್ನು ಏನೆಂದೇ ಕರೆಯಲಿ, ನಮ್ಮ ರಸ್ತೆಗಳಲ್ಲಿ ಅದರ ಹೆಸರು ಫ್ಯಾನ್ ಬೆಲ್ಟು. ಎಂಜಿನ್ನಿನ ಮುಂಭಾಗದಲ್ಲಿ ಅದರ ಮುಖ್ಯ ದಂಡದ ತುದಿಗೆ ಒಂದು ಗಾಲಿ ಇರುತ್ತದೆ. ಹಳ್ಳಿಯ ಬಾವಿಯ ರಾಟೆಯ ಹಾಗೆ ಅಂಚಿನಲ್ಲಿ ಕಾಲುವೆ ಕೊರೆದ ಗಾಲಿ. ಆ ಗಾಲಿಯಿಂದ ಹೊರಟ ಪಟ್ಟಿ ನೀರಿನ ಪಂಪನ್ನು ಬಳಸಿ, ವಿದ್ಯುತ್ತನ್ನು ಹುಟ್ಟಿಸುವ ಆಲ್ಟರ್ನೇಟರನ್ನು ಬಳಸಿ, ಮತ್ತೆ ಹೊರಟ ಜಾಗಕ್ಕೆ ಬರುತ್ತದೆ. ಎಂಜಿನ್ನು ತಿರುಗಿದರೆ ಇವೆಲ್ಲವೂ ತಿರುಗುತ್ತವೆ. ಪಟ್ಟಿ ಹರಿದರೆ ಎಂಜಿನ್ನು ಒಂದೇ ತಿರುಗುತ್ತದೆ. ಉಳಿದವು ನಿಂತಲ್ಲೇ ನಿಲ್ಲುತ್ತವೆ. ಮನೆಯ ಯಜಮಾನ ದುಡಿಯುತ್ತಲೇ ಇದ್ದು, ದುಡಿದದ್ದು ಅಡಿಗೆಮನೆಗೆ ತಲುಪದೆ ಹೋದಂತೆ.

ಇಷ್ಟು ತೆಳುವಾದ ಪಟ್ಟಿ ಇಷ್ಟೆಲ್ಲ ಭಾರವನ್ನು ಎಳೆಯುವುದು ಹೇಗೆ? ಅದಕ್ಕೆ ಹಲ್ಲಿಲ್ಲ, ಮೊಳೆಯಿಲ್ಲ, ಅಂಟಿಲ್ಲ. ಇರುವುದು ಬರಿಯ ಘರ್ಷಣೆ. ಮೊಂಡು ಹೋರಿಯನ್ನು ಹಿಡಿಯಬೇಕಾದಾಗ ನಮ್ಮ ರೈತ ಹಗ್ಗವನ್ನು ಕೈಯಲ್ಲಿ ಹಿಡಿದು ಜಗ್ಗುವುದಿಲ್ಲ. ಕಂಬಕ್ಕೆ ಎರಡು ಸುತ್ತು ಹಾಕಿ ತುದಿಯನ್ನು ಮಗನ ಕೈಗೆ ಕೊಡುತ್ತಾನೆ. ಹೋರಿ ಎಷ್ಟೇ ಎಳೆದರೂ ಹುಡುಗ ನಿಶ್ಚಿಂತೆಯಾಗಿ ನಿಂತಿರುತ್ತಾನೆ. ಈ ಹಗ್ಗದ ಗಣಿತವನ್ನು ಹದಿನೆಂಟನೆಯ ಶತಮಾನದಲ್ಲಿ ಸೂತ್ರಕ್ಕೆ ಇಳಿಸಿದವನು ಸ್ವಿಟ್ಜರ್ಲೆಂಡಿನ ಆಯ್ಲರ್. ಸುತ್ತು ಕೂಡಿಕೊಂಡು ಹೋದಂತೆ ಹಿಡಿತವು ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಘರ್ಷಣೆಯ ಪ್ರಮಾಣವನ್ನು ೦.೩ ಎಂದಿಟ್ಟುಕೊಂಡರೆ, ಅರ್ಧ ಸುತ್ತಿಗೆ ಒಂದು ತುದಿಯ ಎಳೆತ ಇನ್ನೊಂದರ ಎರಡೂವರೆ ಪಟ್ಟು; ಒಂದು ಸುತ್ತಿಗೆ ಆರೂವರೆ ಪಟ್ಟು; ಎರಡು ಸುತ್ತಿಗೆ ೪೩ ಪಟ್ಟು. ಹೋರಿಯೊಂದಿಗೆ ಆ ಹುಡುಗ ಮಾಡಿದ ಒಪ್ಪಂದ ಇದು.

ಆದರೆ ಎಂಜಿನ್ನಿನ ಗಾಲಿಗೆ ಪಟ್ಟಿಯನ್ನು ಎರಡು ಸುತ್ತು ಸುತ್ತುವಂತಿಲ್ಲ. ದೊರೆಯುವುದು ಹೆಚ್ಚೆಂದರೆ ಅರ್ಧ ಸುತ್ತು. ಈ ಕೊರತೆಯನ್ನು ನೀಗಿಸಲು ಪಟ್ಟಿಯನ್ನು ಬೆಣೆಯ ಆಕಾರದಲ್ಲಿ, ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿ, ಮಾಡಿದರು. ಎಳೆದಷ್ಟೂ ಅದು ಗಾಲಿಯ ಕಾಲುವೆಯೊಳಕ್ಕೆ ಸೇರಿಕೊಂಡು ಎರಡು ಮಗ್ಗುಲನ್ನೂ ಒತ್ತುತ್ತದೆ. ಕಾಲುವೆಯ ಕೋನ ೩೮ ಡಿಗ್ರಿಯಾಗಿದ್ದರೆ, ಮೊದಲಿನ ಎರಡೂವರೆ ಪಟ್ಟಿನ ಹಿಡಿತ ಲೆಕ್ಕದ ಪ್ರಕಾರ ಹದಿನೆಂಟು ಪಟ್ಟಿಗೆ ಏರುತ್ತದೆ. ಹಿಡಿತವೆಲ್ಲ ಮಗ್ಗುಲಿನಲ್ಲಿ, ತಳದಲ್ಲಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಕಾಲುವೆಯ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಪಟ್ಟಿ ಸವೆದು ತಳ ಮುಟ್ಟಿದೆಯೆಂದು ಅರ್ಥ. ನುರಿತ ಮೆಕ್ಯಾನಿಕ್ಕು ಮೊದಲು ನೋಡುವುದು ಆ ಹೊಳಪನ್ನು.

ಪಟ್ಟಿಯ ವಂಶವೃಕ್ಷವನ್ನು ಹುಡುಕುತ್ತ ಹೋದರೆ ನಾವು ತಲುಪುವುದು ನೂಲುವ ರಾಟೆಗೆ. ದೊಡ್ಡ ಚಕ್ರ ಒಂದು ಸಲ ಸುತ್ತುವುದರೊಳಗೆ ಕದಿರು ಹತ್ತಾರು ಸಲ ಸುತ್ತುತ್ತದೆ. ನಡುವೆ ಇರುವುದು ಒಂದು ಹುರಿ. ಆ ಹುರಿ ಸಡಿಲವಾದರೆ ಚಕ್ರ ತಿರುಗುತ್ತಿದ್ದರೂ ಕದಿರು ಮುನಿಸಿಕೊಂಡು ನಿಲ್ಲುವುದನ್ನು ನೂತವರೆಲ್ಲರೂ ಕಂಡಿದ್ದಾರೆ. ಭಾರತದಲ್ಲಿ ಚರಕದ ಸ್ಪಷ್ಟ ಉಲ್ಲೇಖಗಳಲ್ಲಿ ಮೊದಲನೆಯದೆಂದು ಚರಿತ್ರಕಾರರು ತೋರಿಸುವುದು ೧೩೫೦ರ ಹೊತ್ತಿಗೆ ಇಸಾಮಿ ಎಂಬ ಕವಿ ಬರೆದ ಪಾರಸಿ ಕಾವ್ಯವನ್ನು. ಆ ಕವಿಗೆ ಆಶ್ರಯವಿತ್ತವನು ಕಲಬುರಗಿಯಲ್ಲಿ ರಾಜಧಾನಿಯನ್ನು ಮಾಡಿಕೊಂಡ ಮೊದಲ ಬಹಮನಿ ಸುಲ್ತಾನ. ಹೀಗೆ ಪಟ್ಟಿಯ ಚರಿತ್ರೆಗೂ ನಮ್ಮ ನಾಡಿಗೂ ಒಂದು ಎಳೆಯ ನಂಟಿದೆ. ಬಹಳ ಕಾಲದ ಮೇಲೆ ಬಂದ ಹಿಟ್ಟಿನ ಗಿರಣಿಯ ಚಪ್ಪಟೆ ಪಟ್ಟಿಯನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಬೆರಗಿನಿಂದ ನೋಡಿದ್ದೇವೆ. ಅದು ಜಾರತೊಡಗಿದಾಗ ಗಿರಣಿಯವರು ಚಿಟಿಕೆ ರಾಳದ ಪುಡಿ ಹಾಕುತ್ತಿದ್ದರು. ಪಟ್ಟಿ ಮತ್ತೆ ಗಾಲಿಯನ್ನು ಕಚ್ಚುತ್ತಿತ್ತು.

ಮೋಟಾರು ಗಾಡಿಯ ಮೊದಲ ದೂರ ಪ್ರಯಾಣದಲ್ಲಿಯೂ ಪಟ್ಟಿಯ ಪಾತ್ರವಿತ್ತು. ೧೮೮೮ರ ಆಗಸ್ಟಿನಲ್ಲಿ ಬರ್ತಾ ಬೆಂಝ್ ಎಂಬ ಹೆಂಗಸು ಗಂಡನಿಗೆ ಹೇಳದೆ, ಅವನು ನಿರ್ಮಿಸಿದ ಮೂರು ಚಕ್ರದ ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಜರ್ಮನಿಯ ಮಾನ್‌ಹೈಮಿನಿಂದ ನೂರು ಕಿಲೋಮೀಟರಿಗೂ ಮೇಲೆ ದೂರವಿದ್ದ ಫೋರ್ತ್ಸ್‌ಹೈಮಿನ ತವರಿಗೆ ಹೊರಟಳು. ಆ ಗಾಡಿಯ ಎಂಜಿನ್ನಿನ ಶಕ್ತಿ ತೊಗಲಿನ ಪಟ್ಟಿಯೊಂದರ ಮೂಲಕ ಹೊರಟು, ಸರಪಳಿಗಳ ಮೂಲಕ ಗಾಲಿಗಳಿಗೆ ತಲುಪುತ್ತಿತ್ತು. ಎಣ್ಣೆ ಬರುವ ನಳಿಗೆ ಕಟ್ಟಿದಾಗ ಆಕೆ ಟೋಪಿಯ ಪಿನ್ನಿನಿಂದ ಬಿಡಿಸಿದಳು. ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ಬ್ರೇಕು ಸವೆದಾಗ ಚಮ್ಮಾರನ ಬಳಿ ತೊಗಲು ಹೊಡೆಸಿದಳು. ಎಂಜಿನ್ನಿನ ನೀರು ಕುದಿದು ಆವಿಯಾಗುತ್ತಿದ್ದುದರಿಂದ ಸಿಕ್ಕ ಸಿಕ್ಕಲ್ಲಿ ನೀರು ತುಂಬುತ್ತ ಹೋದಳು. ಗಂಡ ಯಂತ್ರವನ್ನು ಮಾಡಿದ. ಅದನ್ನು ದಾರಿಯಲ್ಲಿ ನಡೆಸಿಕೊಂಡು ಹೋಗುವ ವಿದ್ಯೆಯನ್ನು ಕಂಡುಹಿಡಿದವಳು ಹೆಂಡತಿ ಎಂದರೆ ತಪ್ಪಾಗದು. ಅನಂತರ ೧೯೧೭ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಜಾನ್ ಗೇಟ್ಸ್ ರಬ್ಬರು ಮತ್ತು ನೂಲನ್ನು ಕೂಡಿಸಿ ಬೆಣೆಯಾಕಾರದ ಪಟ್ಟಿಯನ್ನು ರೂಪಿಸಿದ ಮೇಲೆ ತೊಗಲಿನ ಕಾಲ ಮುಗಿಯುತ್ತ ಬಂತು.

ಪಟ್ಟಿ ಹರಿಯುವುದು ಸಾಮಾನ್ಯವಾಗಿ ಮುನ್ಸೂಚನೆ ಕೊಟ್ಟೇ. ಬೆಳಗಿನ ಹೊತ್ತು ಗಾಡಿ ಚಾಲೂ ಮಾಡಿದೊಡನೆ ಕೀರಲು ದನಿ ಕೇಳುತ್ತದೆ. ಮಳೆಯ ನೀರು ತಗುಲಿದರೆ ಆ ದನಿ ಹೆಚ್ಚುತ್ತದೆ. ಒಳಮೈಯಲ್ಲಿ ಸಣ್ಣ ಬಿರುಕುಗಳು, ಅಂಚಿನಲ್ಲಿ ಕಿತ್ತುಬಂದ ಎಳೆಗಳು ಕಾಣುತ್ತವೆ. ನೋಡುವವರಾರು? ಕೊನೆಗೊಂದು ದಿನ ಮುಂಭಾಗದಲ್ಲಿ ‘ಫಟ್’ ಎಂದು ಸದ್ದಾಗುತ್ತದೆ. ಚಾಲಕನ ಎದುರಿನ ಫಲಕದಲ್ಲಿ ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಗಾಡಿ ಮಾತ್ರ ಏನೂ ಆಗದಂತೆ ಓಡುತ್ತಲೇ ಇರುತ್ತದೆ. ಮೋಸವಿರುವುದು ಇಲ್ಲಿಯೇ. ಎಂಜಿನ್ನಿನಲ್ಲಿ ಉರಿದ ಎಣ್ಣೆಯ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಮಾತ್ರ ಗಾಲಿಯ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೋಗುತ್ತದೆ. ಮೂರನೆಯದನ್ನು ತಣಿಸುವ ನೀರೇ ಹೊತ್ತೊಯ್ಯಬೇಕು. ಪಂಪು ನಿಂತಿತೆಂದರೆ ನೀರು ನಿಂತಲ್ಲೇ ಕಾಯುತ್ತದೆ. ಕೆಲವೇ ನಿಮಿಷಗಳಲ್ಲಿ ಉಷ್ಣತೆಯ ಮುಳ್ಳು ಕೆಂಪು ಗೆರೆಯನ್ನು ದಾಟುತ್ತದೆ. ಆಗಲೂ ನಿಲ್ಲಿಸದೆ ಹೋದರೆ ಎಂಜಿನ್ನಿನ ತಲೆಭಾಗ ಸೊಟ್ಟಗಾಗುತ್ತದೆ. ಕೆಲವು ನೂರು ರೂಪಾಯಿಯ ಪಟ್ಟಿಯ ಜಾಗದಲ್ಲಿ ಹತ್ತಾರು ಸಾವಿರದ ಖರ್ಚು ಬಂದು ಕುಳಿತುಕೊಳ್ಳುತ್ತದೆ.

ನಿಲ್ಲಿಸಿದ ಮೇಲೆ ಜನ ಮಾಡುವ ಮೊದಲ ಕೆಲಸವೆಂದರೆ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುವುದು. ಇದನ್ನು ಯಾರೂ ಮಾಡಬಾರದು. ಮಡಿಕೇರಿಯಂತಹ, ಸಮುದ್ರಮಟ್ಟದಿಂದ ಸುಮಾರು ೧,೧೫೦ ಮೀಟರು ಮೇಲಿರುವ ಊರಿನಲ್ಲಿ ಬಯಲಿಗಿಟ್ಟ ನೀರು ೯೬ ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ರೇಡಿಯೇಟರಿನ ಬಿಗಿ ಮುಚ್ಚಳ ಒಳಗಿನ ಒತ್ತಡವನ್ನು ಏರಿಸಿ, ಕುದಿಯುವ ಮಟ್ಟವನ್ನು ಸುಮಾರು ೨೦ ಡಿಗ್ರಿಯಷ್ಟು ಮೇಲಕ್ಕೆ ತಳ್ಳಿರುತ್ತದೆ. ಮುಚ್ಚಳ ತೆರೆದ ಕ್ಷಣ ಒತ್ತಡ ಇಳಿದು, ಅಷ್ಟು ಹೊತ್ತು ಸುಮ್ಮನಿದ್ದ ನೀರು ಒಟ್ಟಿಗೇ ಕುದಿದು ಮುಖಕ್ಕೆ ಎರಚುತ್ತದೆ. ಮನೆಯಲ್ಲಿ ಪ್ರೆಷರ್ ಕುಕ್ಕರಿನ ಆವಿ ಇಳಿಯುವವರೆಗೆ ತಾಳ್ಮೆಯಿಂದ ಕಾಯುವ ನಾವು ರಸ್ತೆಯಲ್ಲಿ ಮಾತ್ರ ಆ ವಿವೇಕವನ್ನು ಮರೆಯುತ್ತೇವೆ. ಅರ್ಧ ಗಂಟೆಯಾದರೂ ಕಾಯಬೇಕು. ಆಮೇಲೂ ದಪ್ಪ ಬಟ್ಟೆ ಹಿಡಿದು ಮೆಲ್ಲಗೆ ಸಡಿಲಿಸಬೇಕು.

೧೯೯೬ರ ಅಕ್ಟೋಬರಿನಲ್ಲಿ ಒಂದು ಸಂಜೆ ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿ ಕಂಡ ಸಂಗತಿಯನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಉಜಿರೆಯ ಕಡೆಗೆ ಹೊರಟಿದ್ದ ಡೀಸೆಲಿನ ಬಾಡಿಗೆ ಗಾಡಿ. ಒಳಗೆ ನಾವು ಆರು ಜನ. ಒಬ್ಬರು ಕಾಫಿ ತೋಟವೊಂದರ ರೈಟರು. ಅವರ ಮಗನಿಗೆ ಮರುದಿನ ಬೆಳಗ್ಗೆ ಒಂಬತ್ತಕ್ಕೆ ಮಂಗಳೂರಿನಲ್ಲಿ ಕೆಲಸದ ಸಂದರ್ಶನ. ಹುಡುಗ ಇಸ್ತ್ರಿ ಮಾಡಿದ ಅಂಗಿಯನ್ನು ಮಡಿಕೆ ಕೆಡದಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಇಳಿಜಾರು ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಆ ಸದ್ದು, ಆ ಕೆಂಪು ದೀಪ. ಡ್ರೈವರು ಗಾಡಿಯನ್ನು ಗುಡ್ಡದ ಮಗ್ಗುಲಿಗೆ ಒತ್ತಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟ. ಮುಂದಿನ ಬಾನೆಟ್ಟು ಎತ್ತಿ ನೋಡಿ, ಹರಿದ ಪಟ್ಟಿಯನ್ನು ಹಾವು ಹಿಡಿದಂತೆ ಹಿಡಿದು ಹೊರಗೆ ತೆಗೆದ.

ರೈಟರು ಗಡಿಯಾರ ನೋಡಿಕೊಂಡರು. “ಇದು ಪೂರಾ ಇಳಿಜಾರಲ್ಲವಾ ಮಾರಾಯ? ಎಂಜಿನ್ನು ಯಾಕೆ ಬೇಕು? ಆಫ್ ಮಾಡಿ ಬಿಟ್ಟರೆ ತಾನಾಗೇ ಚಾರ್ಮಾಡಿವರೆಗೆ ಹೋಗುತ್ತೆ” ಎಂದರು. ಒಳಗಿದ್ದವರಲ್ಲಿ ಇಬ್ಬರು ಹೌದೆಂದು ತಲೆಯಾಡಿಸಿದರು. ಎಂಜಿನ್ನು ಕಾಯುವುದೇ ದೋಷವಾದರೆ ಎಂಜಿನ್ನನ್ನೇ ನಿಲ್ಲಿಸಿಬಿಡುವುದು; ತರ್ಕದಲ್ಲಿ ಲೋಪವೇ ಕಾಣುತ್ತಿರಲಿಲ್ಲ.

“ಹೋಗುತ್ತೆ ರೈಟ್ರೇ. ಹೋಗೋದೇನು, ಚೆನ್ನಾಗೇ ಹೋಗುತ್ತೆ. ನಿಲ್ಲೋದೇ ಕಷ್ಟ” ಎಂದ ಡ್ರೈವರು. ರೈಟರು ಬಿಡಲಿಲ್ಲ. ಆಗ ಅವನು ಹೆಚ್ಚು ಮಾತನಾಡದೆ ಅವರನ್ನು ತನ್ನ ಸೀಟಿನಲ್ಲಿ ಕೂರಿಸಿ, “ಎಂಜಿನ್ನು ನಿಂತಿದೆ. ಈಗ ನೀವೇ ಬ್ರೇಕು ತುಳೀರಿ” ಎಂದ. ಮೊದಲ ಸಲ ಪೆಡಲು ಮೆತ್ತಗೆ ಇಳಿಯಿತು. ಎರಡನೆಯ ಸಲ ಬಿಗಿಯಾಯಿತು. ಮೂರನೆಯ ಸಲ ಕಲ್ಲಿನ ಮೇಲೆ ಕಾಲಿಟ್ಟಂತಾಗಿ ರೈಟರ ಮುಖ ಬದಲಾಯಿತು. “ಇಷ್ಟೇ ಉಳಿದಿರೋದು. ಕೆಳಗೆ ಇಳಿಯೋದಕ್ಕೆ ಎಷ್ಟು ತಿರುವು ಇದೆ, ನೀವೇ ಲೆಕ್ಕ ಹಾಕಿ” ಎಂದು ಹೇಳಿ ಅವನು ಕೆಳಗಿಳಿದ. ಗಾಡಿಯಲ್ಲಿ ಮತ್ತೆ ಯಾರೂ ಮಾತನಾಡಲಿಲ್ಲ.

ಅವನು ತೋರಿಸಿದ್ದರ ಅರ್ಥ ಹೀಗೆ. ಭಾರವಾದ ಗಾಡಿಯನ್ನು ಬರಿಯ ಕಾಲಿನ ಬಲದಿಂದ ತಡೆಯುವುದು ಕಷ್ಟವೆಂದು ಬ್ರೇಕಿಗೆ ನಿರ್ವಾತದ ನೆರವು ಕೊಟ್ಟಿರುತ್ತಾರೆ. ಪೆಟ್ರೋಲಿನ ಎಂಜಿನ್ನು ಸಾಮಾನ್ಯವಾಗಿ ಗಾಳಿಯನ್ನು ಒಳಗೆಳೆಯುವಾಗಲೇ ಆ ನಿರ್ವಾತ ಸಿಗುತ್ತದೆ. ಡೀಸೆಲಿನದಕ್ಕೆ ಬೇರೆ ಪಂಪು ಬೇಕು. ಅದನ್ನು ಅನೇಕ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಕೂಡಿಸಿರುತ್ತಾರೆ. ಪಟ್ಟಿ ಹರಿದರೆ ಆಲ್ಟರ್ನೇಟರು ನಿಲ್ಲುತ್ತದೆ, ಅದರೊಡನೆ ಪಂಪೂ ನಿಲ್ಲುತ್ತದೆ. ಡಬ್ಬಿಯಲ್ಲಿ ಉಳಿದ ನಿರ್ವಾತ ಎರಡು ಮೂರು ತುಳಿತಕ್ಕೆ ಮುಗಿಯುತ್ತದೆ. ಎಂಜಿನ್ನನ್ನೂ ಆರಿಸಿ ಗೇರು ತಪ್ಪಿಸಿಬಿಟ್ಟರಂತೂ ಅದರ ತಡೆಯೂ ಇಲ್ಲ. ಬೆವರಿನ ಪ್ರಶ್ನೆಯೆಂದು ರೈಟರು ತಿಳಿದದ್ದು ಪ್ರಾಣದ ಪ್ರಶ್ನೆಯಾಗಿತ್ತು.

ಡ್ರೈವರಿನ ಸೀಟಿನ ಹಿಂದೆ ಗೋಣಿಯಲ್ಲಿ ಸುತ್ತಿದ ಹಳೆಯ ಪಟ್ಟಿಯೊಂದಿತ್ತು. ಹೊಸದನ್ನು ಹಾಕಿಸಿದಾಗ ಹಳೆಯದನ್ನು ಎಸೆಯದೆ ಇಟ್ಟುಕೊಳ್ಳುವುದು ಆ ಕಸುಬಿನವರ ಹಳೆಯ ರೂಢಿ. ಆದರೆ ಹದಿನೇಳರ ಸ್ಪ್ಯಾನರು ಇರಲಿಲ್ಲ. ಇಪ್ಪತ್ತು ನಿಮಿಷ ಕಾದ ಮೇಲೆ ಮೇಲಿನಿಂದ ಬಂದ ಲಾರಿಯೊಂದು ನಿಂತಿತು. ಏನು, ಎತ್ತ ಎಂದು ಕೇಳದೆ ಕ್ಲೀನರ್ ಹುಡುಗ ಹತಾರಿನ ಚೀಲ ಹಿಡಿದೇ ಇಳಿದ. ಆಲ್ಟರ್ನೇಟರಿನ ಎರಡು ಬೋಲ್ಟುಗಳನ್ನು ಸಡಿಲಿಸಿ ಅದನ್ನು ಎಂಜಿನ್ನಿನ ಕಡೆಗೆ ತಳ್ಳಿದರು. ಪಟ್ಟಿಯನ್ನು ಮೊದಲು ಕೆಳಗಿನ ಗಾಲಿಗೆ, ಅನಂತರ ಫ್ಯಾನಿನ ಅಲಗುಗಳ ನಡುವೆ ಒಂದೊಂದಾಗಿ ದಾಟಿಸಿ ಪಂಪಿನ ಗಾಲಿಗೆ, ಕಡೆಗೆ ಆಲ್ಟರ್ನೇಟರಿಗೆ ಏರಿಸಿದರು. ಜಾಕಿಯ ರಾಡನ್ನು ಮೀಟುಗೋಲು ಮಾಡಿ ಒಬ್ಬ ಹೊರಕ್ಕೆ ಮೀಟುತ್ತಿದ್ದಂತೆ ಇನ್ನೊಬ್ಬ ಬೋಲ್ಟು ಬಿಗಿದ. ಡ್ರೈವರು ಪಟ್ಟಿಯ ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದ. ಅರ್ಧ ಅಂಗುಲದಷ್ಟು ಬಾಗಿತು. ಅಷ್ಟೇ ಬಾಗಬೇಕು. ಸಡಿಲವಾದರೆ ಜಾರುತ್ತದೆ, ಅತಿ ಬಿಗಿಯಾದರೆ ಪಂಪಿನ ಬೇರಿಂಗು ಹೋಗುತ್ತದೆ. ತಂಬೂರಿಯ ತಂತಿಗೆ ಶ್ರುತಿ ಕೂಡಿಸುವವರ ಮುಖದಲ್ಲಿ ಕಾಣುವ ಗಾಂಭೀರ್ಯವೇ ಅವನ ಮುಖದಲ್ಲಿಯೂ ಇತ್ತು. ಘಾಟಿ ಇಳಿದು ಚಾರ್ಮಾಡಿಯಲ್ಲಿ ಮತ್ತೊಮ್ಮೆ ಒತ್ತಿ ನೋಡಿದ. ಉಜಿರೆಯಲ್ಲಿ ತಂದೆ ಮಗ ಇಬ್ಬರಿಗೂ ಮಂಗಳೂರಿನ ಬಸ್ಸು ಸಿಕ್ಕಿತು. ಅಂಗಿಯ ಮಡಿಕೆ ಕೆಟ್ಟಿರಲಿಲ್ಲ.

ಪಟ್ಟಿಯೂ ಇಲ್ಲದಿದ್ದರೆ? ಪಾಶ್ಚಾತ್ಯರಲ್ಲಿ ಹೆಂಗಸರ ನೈಲಾನ್ ಕಾಲುಚೀಲವನ್ನು ಗಂಟು ಹಾಕಿ ಪಟ್ಟಿಯ ಬದಲು ತೊಡಿಸುವ ಉಪಾಯ ಪ್ರಸಿದ್ಧವಾಗಿದೆ. ಅದರಿಂದ ಪ್ರಯಾಣವೂ ಸಾಗಿತು, ಪ್ರಣಯವೂ ಕೂಡಿತು ಎಂಬ ಕಥೆಗಳಿಗೆ ಬರವಿಲ್ಲ. ನಮ್ಮಲ್ಲಿ ಆ ಸ್ಥಾನಕ್ಕೆ ಲುಂಗಿಯ ಅಂಚು, ಸೈಕಲ್ ಟ್ಯೂಬಿನ ಸೀಳು, ತೆಂಗಿನ ಹುರಿ ಎಲ್ಲವೂ ಬಂದಿವೆ. ನನ್ನ ಅಭಿಪ್ರಾಯ ಕೇಳುವುದಾದರೆ, ಈ ಉಪಾಯಗಳ ಕೀರ್ತಿ ಅವುಗಳ ಯೋಗ್ಯತೆಯನ್ನು ಮೀರಿದೆ. ಹಳೆಯ ಗಾಡಿಯಲ್ಲಿ ಆಲ್ಟರ್ನೇಟರನ್ನು ಬಿಟ್ಟು, ಕೆಳಗಿನ ಗಾಲಿಗೂ ಪಂಪಿಗೂ ಮಾತ್ರ ಕಟ್ಟಿ, ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಹೋದರೆ ಮುಂದಿನ ಊರು ಸಿಗಬಹುದು. ಗಂಟು ಗಾಲಿಯ ಕಾಲುವೆಯನ್ನು ದಾಟುವಾಗಲೆಲ್ಲ ಏಟು ತಿನ್ನುತ್ತದೆ. ಬಿಚ್ಚಿಕೊಂಡ ತುದಿ ಫ್ಯಾನಿಗೆ ಸಿಕ್ಕಿದರೆ ಇದ್ದದ್ದೂ ಹೋಯಿತು. ಡೀಸೆಲಿನ ಗಾಡಿಯಲ್ಲಿ ಬ್ರೇಕಿನ ಪಂಪು ಆಲ್ಟರ್ನೇಟರಿನ ಬೆನ್ನಿಗಿದ್ದರೆ, ಘಾಟಿಯಲ್ಲಿ ಇಂಥ ಸಾಹಸದ ಯೋಚನೆಯನ್ನೂ ಮಾಡಬಾರದು.

ಈಗಿನ ಕಾರುಗಳಲ್ಲಿ ಆ ಅವಕಾಶವೇ ಬಹುಮಟ್ಟಿಗೆ ಇಲ್ಲ. ೧೯೭೦ರ ದಶಕದ ಕೊನೆಯಿಂದ ಈಚೆಗೆ ಎರಡು ಮೂರು ಬೆಣೆಪಟ್ಟಿಗಳ ಬದಲಿಗೆ, ಒಳಮೈಯಲ್ಲಿ ಉದ್ದುದ್ದ ಗೀರುಗಳಿರುವ ಒಂದೇ ಅಗಲವಾದ ಪಟ್ಟಿ ಬಂತು. ಹಾವಿನಂತೆ ಬಳಸಿಕೊಂಡು ಅದು ಆಲ್ಟರ್ನೇಟರು, ತಂಪುಗಾಳಿಯ ಯಂತ್ರ, ಹಲವು ಗಾಡಿಗಳಲ್ಲಿ ನೀರಿನ ಪಂಪು ಮತ್ತು ಸ್ಟಿಯರಿಂಗಿನ ಪಂಪು ಇವೆಲ್ಲವನ್ನೂ ತಿರುಗಿಸುತ್ತದೆ. ಸ್ಪ್ರಿಂಗಿನ ತೋಳೊಂದು ಅದರ ಬಿಗಿಯನ್ನು ಕಾಯುತ್ತದೆ. ಒಟ್ಟು ಕುಟುಂಬದಲ್ಲಿ ಒಬ್ಬರೇ ದುಡಿಯುವಂತಹ ಏರ್ಪಾಡು. ಅದು ಹರಿದರೆ ದೀಪದ ಜೊತೆಗೆ ಸ್ಟಿಯರಿಂಗೂ ಭಾರವಾಗಬಹುದು. ಗಾಬರಿಯಾಗದೆ ಎರಡು ಕೈಯಿಂದ ಬಲವಾಗಿ ತಿರುಗಿಸಿ ಅಂಚಿಗೆ ನಿಲ್ಲಿಸಬೇಕು. ಈಗಿನ ರಬ್ಬರಿನ ಗುಣವೂ ಬದಲಾಗಿದೆ. ಹಳೆಯದು ಮುಪ್ಪಾದಾಗ ಬಿರುಕು ಬಿಡುತ್ತಿತ್ತು. ಹೊಸದು ಬಿರುಕು ಬಿಡದೆಯೇ ಟಯರಿನ ಹಾಗೆ ಸವೆಯುತ್ತದೆ. ಬಿರುಕು ಕಾಣಲಿಲ್ಲವೆಂದು ಸಮಾಧಾನಪಡುವಂತಿಲ್ಲ. ಗೀರುಗಳ ಆಳವನ್ನು ಅಳೆದು ನೋಡಬೇಕು. ಎಂಜಿನ್ನಿನ ಒಳಗೆ ಕವಾಟಗಳ ಕಾಲವನ್ನು ಕಾಯುವ ಹಲ್ಲಿನ ಪಟ್ಟಿಯದು ಬೇರೆ ಜಾತಿ. ಅದು ಹರಿದರೆ ಎಂಜಿನ್ನು ಅಲ್ಲಿಯೇ ನಿಲ್ಲುತ್ತದೆ. ಅನೇಕ ಎಂಜಿನ್ನುಗಳಲ್ಲಿ ಕವಾಟಕ್ಕೆ ಪಿಸ್ಟನ್ನು ಬಡಿದು ಒಳಗೆಲ್ಲ ಪುಡಿಯಾಗುತ್ತದೆ. ಅದಕ್ಕೆ ರಸ್ತೆಬದಿಯ ವೈದ್ಯವಿಲ್ಲ. ಗೇರಿಲ್ಲದ ಸ್ಕೂಟರಿನ ಪಟ್ಟಿಗೂ ಅಷ್ಟೆ. ಎಂಜಿನ್ನು ಅಬ್ಬರಿಸುತ್ತದೆ, ಗಾಲಿ ಕದಲುವುದಿಲ್ಲ, ಸವಾರ ತಳ್ಳಿಕೊಂಡು ಹೋಗಬೇಕು.

ಪಟ್ಟಿಯ ಬೆನ್ನಿನ ಮೇಲೆ ಬಿಳಿಯ ಅಕ್ಷರದಲ್ಲಿ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ೬ ಪಿಕೆ ೧೭೫೦ ಎಂದಿದ್ದರೆ ಆರು ಗೀರು, ೧,೭೫೦ ಮಿಲಿಮೀಟರು ಉದ್ದ. ಹಳೆಯ ಬೆಣೆಪಟ್ಟಿಯಾದರೆ ಮೊದಲು ಅಗಲ, ಆಮೇಲೆ ಉದ್ದ. ಅದು ಹರಿದು ಚಿಂದಿಯಾದ ಮೇಲೆ ಈ ಅಕ್ಷರಗಳು ಓದಲು ಸಿಗುವುದಿಲ್ಲ. ಸಣ್ಣ ಊರಿನ ಅಂಗಡಿಯವನು ಗೋಡೆಗೆ ನೇತುಹಾಕಿದ ಹತ್ತಾರು ಪಟ್ಟಿಗಳ ಮುಂದೆ ನಿಂತು ಮೊದಲು ಕೇಳುವುದು ಆ ಸಂಖ್ಯೆಯನ್ನೇ. ಪಟ್ಟಿ ಚೆನ್ನಾಗಿರುವಾಗಲೇ ಅದನ್ನು ಗಾಡಿಯ ಕಾಗದಪತ್ರಗಳ ಹಾಳೆಯೊಂದರ ಮೂಲೆಯಲ್ಲಿ ಬರೆದಿಟ್ಟುಕೊಳ್ಳುವುದಕ್ಕೆ ಒಂದು ನಿಮಿಷ ಸಾಕು.